429 ಕೋಟಿಯ ಸಂಖ್ಯೆಯನ್ನು ಪೆನ್ಸಿಲಿನಲ್ಲೇ ಒಡೆಯುವುದು ಹೇಗೆ?

ಸಂಖ್ಯೆ ಇದು: 429,49,67,297. ಇದನ್ನು 641 ನಿಶ್ಶೇಷವಾಗಿ ಭಾಗಿಸುತ್ತದೆ. ಕ್ಯಾಲ್ಕುಲೇಟರ್ ಮುಟ್ಟದೆ, ಉದ್ದ ಭಾಗಾಕಾರವನ್ನೂ ಮಾಡದೆ ಅದನ್ನು ತೋರಿಸಬಹುದು. ರಫ್ ಪುಸ್ತಕದ ಅರ್ಧ ಪುಟ ಸಾಕು.

ಮೊದಲು ಈ ಸಂಖ್ಯೆ ಎಲ್ಲಿಂದ ಬಂತೆಂದು ನೋಡಿ. 3ರಿಂದ ಶುರು ಮಾಡಿ. 1 ಕಳೆಯಿರಿ, ವರ್ಗ ಮಾಡಿ, 1 ಕೂಡಿಸಿ: 5 ಬಂತು. ಹಾಗೆಯೇ ಮುಂದುವರಿದರೆ 17, 257, 65,537. ಐದೂ ಅವಿಭಾಜ್ಯ ಸಂಖ್ಯೆಗಳೇ. ಈ ಸಾಲು ಎಷ್ಟು ದೂರ ಹೋದರೂ ಅವಿಭಾಜ್ಯಗಳೇ ಸಿಗುತ್ತವೆ ಎಂದು 1640ರಲ್ಲಿ ಫ್ರಾನ್ಸಿನ ಪಿಯರ್ ದ ಫರ್ಮಾ ನಂಬಿದ್ದ. ಆರನೆಯದೇ ನಮ್ಮ ಸಂಖ್ಯೆ, ಅಂದರೆ 2ರ 32ನೇ ಘಾತಕ್ಕೆ 1 ಕೂಡಿಸಿದ್ದು. 1732ರಲ್ಲಿ ಲಿಯೊನಾರ್ಡ್ ಆಯ್ಲರ್ ಅದನ್ನು ಒಡೆದು ತೋರಿಸಿದ.

ಯಾವುದರಿಂದ ಭಾಗಿಸಿ ನೋಡಬೇಕು? ಸಿಕ್ಕಸಿಕ್ಕ ಸಂಖ್ಯೆಯನ್ನೆಲ್ಲ ಹಿಡಿಯಬೇಕಿಲ್ಲ. ಇದನ್ನು ಭಾಗಿಸಬಲ್ಲ ಅವಿಭಾಜ್ಯ ಯಾವುದೇ ಇದ್ದರೂ ಅದು 64ರ ಮಗ್ಗಿಯ ಸಂಖ್ಯೆಗಿಂತ ಒಂದು ಹೆಚ್ಚಿರಲೇಬೇಕು. ಇದು ಆಯ್ಲರ್ ಸಾಧಿಸಿದ ನಿಯಮ. 65, 129, 193 ಎಂದು ಬರೆಯುತ್ತಾ ಹೋಗಿ, ಅವಿಭಾಜ್ಯವಲ್ಲದ್ದನ್ನು ಹೊಡೆದುಹಾಕಿ. ಉಳಿಯುವುದು 193, 257, 449, 577, 641. ಐದನೆಯದಕ್ಕೇ ಗುರಿ ಸಿಕ್ಕಿತು!

ಇನ್ನು ಮುಖ್ಯ ಕೆಲಸ. 2ನ್ನು ವರ್ಗ ಮಾಡುತ್ತಾ ಹೋಗಿ: 4, 16, 256, 65,536. ಕೊನೆಯದು 2ರ 16ನೇ ಘಾತ. ಇನ್ನೊಂದು ವರ್ಗ ಮಾಡಿದರೆ 32ನೇ ಘಾತವೇ ಬರುತ್ತದೆ, ಆದರೆ ಸಂಖ್ಯೆ ಕೈಮೀರುತ್ತದೆ. ಆದ್ದರಿಂದ ಇಲ್ಲೇ ನಿಂತು 641ರಿಂದ ಭಾಗಿಸಿ. 641 × 102 = 65,382. ಶೇಷ 154.

ಈಗ 65,536ನ್ನು ಮರೆತುಬಿಡಿ, 154 ಮಾತ್ರ ಇಟ್ಟುಕೊಳ್ಳಿ. ಹೀಗೆ ಮಾಡಬಹುದೇ ಎಂಬ ಅನುಮಾನ ಬರುವುದು ಸಹಜ. 65,536 ಎಂದರೆ 641ರ 102 ಪಟ್ಟು ಮತ್ತು 154 ತಾನೆ? ಅದನ್ನು ವರ್ಗ ಮಾಡಿದಾಗ ಬರುವ ತುಂಡುಗಳಲ್ಲಿ 154 × 154 ಒಂದನ್ನು ಬಿಟ್ಟು ಉಳಿದೆಲ್ಲದರಲ್ಲೂ 641 ಇದ್ದೇ ಇರುತ್ತದೆ. ಅವು ಶೇಷಕ್ಕೆ ಏನನ್ನೂ ಸೇರಿಸುವುದಿಲ್ಲ. ನನಗೆ ಇಡೀ ಲೆಕ್ಕದಲ್ಲಿ ಅತ್ಯಂತ ಇಷ್ಟವಾದ ಜಾಗ ಇದು.

154 × 154 = 23,716. ಅದರಲ್ಲಿ 641 × 36 = 23,076 ಕಳೆಯಿರಿ. ಉಳಿದದ್ದು 640.

ಇದಕ್ಕೆ ಆ 1 ಕೂಡಿಸಿ. 641 ಆಯಿತು, ಅಂದರೆ ಶೇಷ ಸೊನ್ನೆ. ಭಾಗಲಬ್ಧ 67,00,417, ಅದೂ ಅವಿಭಾಜ್ಯವೇ. ಅದರಲ್ಲಿ 1 ಕಳೆದು 64ರಿಂದ ಭಾಗಿಸಿ ನೋಡಿ, ಸರಿಯಾಗಿ 1,04,694 ಬರುತ್ತದೆ. ಆಯ್ಲರನ ನಿಯಮ ಅಲ್ಲೂ ತಪ್ಪಿಲ್ಲ.

ಕೈ ಕುದುರಲು 193 ಮತ್ತು 257ರಿಂದ ಇದೇ ಲೆಕ್ಕ ಮಾಡಿ. 193ಕ್ಕೆ 256ರ ಹಂತದಿಂದಲೇ ಶೇಷ ತೆಗೆಯುತ್ತಾ ಬನ್ನಿ. ಕೊನೆಗೆ 109 ಉಳಿಯಬೇಕು. 257ಕ್ಕೆ 65,536ರ ಶೇಷ ಬರೀ 1 ಆಗಿಬಿಡುವುದರಿಂದ ಕೊನೆಯ ಶೇಷ 2 ಎಂದು ಬಾಯಲ್ಲೇ ಹೇಳಬಹುದು.