ಏಲಿಯನ್‌ಗಳನ್ನು ಎಂಸಿಆರ್‌ನಲ್ಲಿ ಕೂರಿಸಿದೆ: ನನ್ನ ಟೈ-ಇನ್ ಕಾದಂಬರಿಯ ಅನುಭವ

"ಆಡಿಯೋ ಸರಣಿ ಪುಕ್ಕಟೆ ಸಿಗುವಾಗ ಅದರ ಕಾದಂಬರಿಗೆ ಯಾರು ದುಡ್ಡು ಕೊಡುತ್ತಾರೆ?" ಬರೆಯುವ ಗೆಳೆಯರೆಲ್ಲ ಕೇಳಿದ್ದು ಇದನ್ನೇ. ಟೈ-ಇನ್ ಅಂದರೆ ಈಗಾಗಲೇ ಇರುವ ಸರಣಿಯ ಲೋಕ, ಪಾತ್ರಗಳನ್ನು ಇಟ್ಟುಕೊಂಡು ಬರೆಯುವ ಕಾದಂಬರಿ. ಮೊದಲ ಮುದ್ರಣದ ಮುನ್ನೂರು ಚಿಲ್ಲರೆ ಪ್ರತಿ ಈಗ ಖಾಲಿ. ಹಾಗಾಗಿ ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ.

ಸರಣಿ ನನ್ನದಲ್ಲ, ಗೆಳೆಯರದು. ಒಂದು ದೊಡ್ಡ ಮಾಧ್ಯಮ ಕಂಪನಿಯೊಳಗೆ ಏಲಿಯನ್‌ಗಳು ಸೇರಿಕೊಳ್ಳುವ ಕಥೆ. ಯಾರ ಹಿನ್ನೆಲೆ ಏನು, ಯಾರು ಸಾಯಬಾರದು, ಎಲ್ಲ ಅವರ 'ಬೈಬಲ್‌'ನಲ್ಲಿ, ಅಂದರೆ ಸರಣಿಯ ನಿಯಮಗಳ ಕಡತದಲ್ಲಿ, ಮೊದಲೇ ಬರೆದಿತ್ತು. ಟೈ-ಇನ್ ಬರೆದವರಿಗೆ ಈ ಕಟ್ಟುಪಾಡು ಗೊತ್ತೇ ಇರುತ್ತದೆ. ಹಕ್ಕು ಅವರದು, ಮುದ್ರಣದ ಖರ್ಚು ನನ್ನದು, ಉಳಿದದ್ದು ಅರ್ಧರ್ಧ.

ಮೊದಲ ಡ್ರಾಫ್ಟ್‌ನಲ್ಲಿ ಒಂದೊಂದು ಕಂತನ್ನೂ ಒಂದೊಂದು ಅಧ್ಯಾಯ ಮಾಡಿದೆ. ನೂರು ಪುಟ ಆಗುವಷ್ಟರಲ್ಲಿ ಕಥೆ ಸತ್ತೇ ಹೋಯಿತು. ಕೇಳುವಾಗ ಮೈ ಜುಮ್ಮೆನ್ನಿಸುತ್ತಿದ್ದ ಸಂಭಾಷಣೆ ಕಾಗದದ ಮೇಲೆ ಸಪ್ಪೆ. ಎರಡನೆಯದರಲ್ಲಿ ಪ್ರೈಮ್‌ಟೈಮ್ ಆ್ಯಂಕರನ್ನೇ ಏಲಿಯನ್ ಮಾಡಿದೆ. ಓದಿದವರೆಲ್ಲ ಮೂರನೇ ಪುಟದಲ್ಲೇ ಹಿಡಿದುಬಿಟ್ಟರು.

ದಾರಿ ಸಿಕ್ಕಿದ್ದು ಒಂದು ನಿಜವಾದ ಘಟನೆಯಿಂದ. 1977ರ ನವೆಂಬರ್ 26ರ ಸಂಜೆ ಇಂಗ್ಲೆಂಡಿನ ಸದರ್ನ್ ಟೆಲಿವಿಷನ್‌ನಲ್ಲಿ ಸುದ್ದಿ ಬರುತ್ತಿತ್ತು. ಪರದೆಯ ಮೇಲೆ ಚಿತ್ರ ಹಾಗೇ ಓಡುತ್ತಿತ್ತು, ದನಿ ಮಾತ್ರ ಬದಲಾಯಿತು. ಅನ್ಯಗ್ರಹದವರ ಅಷ್ಟಾರ್ ಗ್ಯಾಲಾಕ್ಟಿಕ್ ಕಮಾಂಡ್‌ನ ಪ್ರತಿನಿಧಿ ನಾನು ಅಂತ ಹೇಳಿಕೊಂಡವರೊಬ್ಬರು ಸುಮಾರು ಆರು ನಿಮಿಷ ಭೂಮಿಯವರಿಗೆ ಬುದ್ಧಿ ಹೇಳಿದರು. ಹ್ಯಾನಿಂಗ್ಟನ್‌ನ ಟ್ರಾನ್ಸ್‌ಮಿಟರ್, ರೋರಿಡ್ಜ್‌ನ ಇನ್ನೊಂದು ಟ್ರಾನ್ಸ್‌ಮಿಟರ್‌ನಿಂದ ಗಾಳಿಯಲ್ಲಿ ಬಂದ ಸಿಗ್ನಲನ್ನೇ ಹಿಡಿದು ಮರುಪ್ರಸಾರ ಮಾಡುತ್ತಿತ್ತು. ಹತ್ತಿರದಿಂದ ಅದಕ್ಕಿಂತ ಜೋರಾದ ಸಿಗ್ನಲ್ ಬಿಟ್ಟರೆ ಮುಗೀತು. ಮಾಡಿದವರು ಯಾರೆಂದು ಇವತ್ತಿಗೂ ಗೊತ್ತಾಗಿಲ್ಲ. 1987ರ ನವೆಂಬರ್ 22ರಂದು ಶಿಕಾಗೋದ ಎರಡು ಚಾನೆಲ್‌ಗಳಲ್ಲೂ ಹೀಗೇ ಒಬ್ಬ ನುಗ್ಗಿದ್ದ. ಆದರೆ ಅವನು ಮುಖವಾಡ ಹಾಕಿಕೊಂಡು ಪರದೆಗೇ ಬಂದ. ಕುಣಿದಾಟವೇ ಜಾಸ್ತಿ, ನನ್ನ ಕಥೆಗೆ ಅದು ಬೇಡವಾಯಿತು.

ಅಂದರೆ ಕಂಪನಿ ಹಿಡಿಯಲು ಆ್ಯಂಕರ್ ಬೇಕಿಲ್ಲ, ಮಾಲೀಕನೂ ಬೇಕಿಲ್ಲ. ದನಿ ಸಿಕ್ಕರೆ ಸಾಕು. ನಮ್ಮಲ್ಲಿ ಟಿಆರ್‌ಪಿ ಅಳೆಯುವ ಸಂಸ್ಥೆ ಬಾರ್ಕ್ ಬಳಸುವುದು ಚಾನೆಲ್‌ನ ದನಿಯೊಳಗೆ ಅಡಗಿಸಿದ ಗುರುತನ್ನೇ, ಅಂದರೆ ವಾಟರ್‌ಮಾರ್ಕನ್ನೇ ಅಲ್ವಾ? ಮನುಷ್ಯರ ಕಿವಿಗೆ ಕೇಳುವುದಿಲ್ಲ, ಆಯ್ದ ಮನೆಗಳಲ್ಲಿ ಇಟ್ಟ ಮೀಟರ್‌ಗೆ ಕೇಳುತ್ತದೆ. ಏಲಿಯನ್‌ಗಳ ಮಾತು ಅದರ ಬೆನ್ನೇರಿ ಹೋಗಲಿ ಎಂದುಕೊಂಡೆ. ಅವರನ್ನು ಎಂಸಿಆರ್‌ನ (ಮಾಸ್ಟರ್ ಕಂಟ್ರೋಲ್ ರೂಮ್, ಚಾನೆಲ್‌ನ ಪ್ರಸಾರ ಹೊರಗೆ ಹೋಗುವ ಕೋಣೆ) ನೈಟ್ ಶಿಫ್ಟ್‌ನಲ್ಲಿ ಮತ್ತು ಜಾಹೀರಾತು ಶೆಡ್ಯೂಲಿಂಗ್‌ನಲ್ಲಿ ಕೂರಿಸಿದೆ. ಎರಡೂ ಕಡೆ ಯಾರೂ ತಲೆಯೆತ್ತಿ ನೋಡುವುದಿಲ್ಲ. ಟಿವಿಯೇ ರಿಪೇರಿಗೆ ಹೋಗಿರುವ ಒಂದು ಮನೆಯ ಮೀಟರ್ ರಾತ್ರಿ ಬುಲೆಟಿನ್ ಪೂರ್ತಿ ನೋಡಿದ್ದಾಗಿ ದಾಖಲಿಸುತ್ತದೆ. ಕಾದಂಬರಿ ಶುರುವಾಗುವುದೇ ಅಲ್ಲಿಂದ.

ಕಂತುಗಳನ್ನು ಮತ್ತೆ ಮುಟ್ಟಲಿಲ್ಲ. ಎರಡು ಕಂತುಗಳ ನಡುವೆ ಸರಣಿಯವರು ಬಿಟ್ಟಿದ್ದ ಒಂದೇ ಒಂದು ರಾತ್ರಿಯನ್ನು ಹಿಡಿದುಕೊಂಡೆ. ಅಧ್ಯಾಯಗಳ ಬದಲು ಬುಲೆಟಿನ್ ರನ್‌ಡೌನ್, ಅಂದರೆ ಸುದ್ದಿಗಳ ಸರದಿ ಪಟ್ಟಿ: ಹೆಡ್‌ಲೈನ್, ಪ್ಯಾಕೇಜ್ (ದೃಶ್ಯ ಸಹಿತ ವರದಿ), ಫೋನೋ (ಫೋನಿನಲ್ಲಿ ವರದಿಗಾರ), ಬ್ರೇಕ್. ಬ್ರೇಕ್ ಬಂದಾಗಲೆಲ್ಲ ಕಥೆ ಎಂಸಿಆರ್‌ಗೆ ಹಾರುತ್ತದೆ. ಸರಣಿಯವರಿಗೆ ಮೊದಲು ಇದು ಹಿಡಿಸಲಿಲ್ಲ, "ಇದೇನು ಕಾದಂಬರಿನಾ, ಟೈಮ್‌ಟೇಬಲ್ಲಾ?" ಅಂದರು. ಐವತ್ತು ಪುಟ ಓದಿದ ಮೇಲೆ ಸುಮ್ಮನಾದರು. ಏಲಿಯನ್ ಬರೆದ ಸುದ್ದಿ ಯಾವುದೆಂದು ಓದುಗರಿಗೆ ತಾನಾಗಿ ಅನುಮಾನ ಬರುವಂತೆ ಒಂದು ಕೈಚಳಕ ಮಾಡಿದ್ದೇನೆ. ಪೂರ್ಣವಿರಾಮಗಳಿಗೂ ಅದಕ್ಕೂ ಸಂಬಂಧ ಇದೆ ಅಂತಷ್ಟೇ ಹೇಳುತ್ತೇನೆ. ಮುಂದಿನ ಪುಸ್ತಕಕ್ಕೂ ಅದು ಬೇಕು.

ನಡುವೆ ಸುಮ್ನೆ ಒಂದು ಪ್ರಯೋಗ. ಸರಣಿಯ ಒಂದು ಕಂತಿನಲ್ಲಿ 18 ಕಿಲೋಹರ್ಟ್ಸ್ ಆಸುಪಾಸಿನ, ಕಿವಿಗೆ ಕೇಳುವುದೇ ಕಷ್ಟವಾದ ಸದ್ದಿನಲ್ಲಿ ಪುಸ್ತಕದ ಗುಟ್ಟೊಂದನ್ನು ಅಡಗಿಸಿದೆವು. ಫೋನಿನ ಸ್ಪೆಕ್ಟ್ರಮ್ ಆ್ಯಪ್‌ನಲ್ಲಿ ಯಾರಾದರೂ ಪತ್ತೆ ಮಾಡಲಿ ಅಂತ. 128 ಕೆಬಿಪಿಎಸ್ ಎಂಪಿ3 ಮಾಡುವಾಗ ಅಷ್ಟು ಎತ್ತರದ ಸದ್ದೆಲ್ಲ ಕತ್ತರಿಸಿಹೋಯಿತು. ಗುಟ್ಟು ಗುಟ್ಟಾಗಿಯೇ ಉಳಿಯಿತು. ಅಧ್ಯಾಯದ ಕೊನೆಯಲ್ಲಿ ಕ್ಯೂಆರ್ ಕೋಡ್ ಹಾಕಿದ್ದಕ್ಕೂ ಯಾರೂ ಕ್ಯಾರೇ ಅನ್ನಲಿಲ್ಲ.

ಇನ್ನು ದುಡ್ಡು. ಡೆಮಿ 1/8 ಅಳತೆ, ಇನ್ನೂರು ಪುಟದ ಆಚೀಚೆ, 70 ಜಿಎಸ್‌ಎಂ ತೂಕದ ಕಾಗದ. ಪ್ರತಿಗೆ ಎಂಬತ್ತೈದು ರೂಪಾಯಿ ಬಿದ್ದ ನೆನಪು. ಐಎಸ್‌ಬಿಎನ್ ಪುಕ್ಕಟೆ, ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಅಷ್ಟು ಸಮಾಧಾನ. ನುಂಗಿದ್ದು ನುಡಿ ಕನ್ವರ್ಷನ್, ಅಂದರೆ ಯೂನಿಕೋಡ್ ಅಕ್ಷರವನ್ನು ಹಳೇ ನುಡಿ ಫಾಂಟಿಗೆ ಬದಲಾಯಿಸುವುದು. ಪ್ರೆಸ್‌ನವರದು ಪುಟ ಜೋಡಿಸುವ ಹಳೇ ಪೇಜ್‌ಮೇಕರ್, ನನ್ನದು ಯೂನಿಕೋಡ್. ಅರ್ಕಾವತ್ತು ಎಲ್ಲೆಲ್ಲೋ ಹೋಗಿ ಕೂತಿತ್ತು, ಇಂಗ್ಲಿಷ್ ಹೆಸರುಗಳಲ್ಲಿನ ಅರ್ಧಾಕ್ಷರಗಳು ಒತ್ತಾಗಿ ಮೆತ್ತಿಕೊಂಡಿದ್ದವು. ಪ್ರೂಫ್ ತಿದ್ದಿ ಕೊಟ್ಟ ಮೇಲೂ ಹಳೇ ಫೈಲೇ ಪ್ಲೇಟಿಗೆ ಹೋಗಿ ಒಂದು ಫಾರಂ (ಒಟ್ಟಿಗೆ ಅಚ್ಚಾಗುವ ಪುಟಗಳ ಗುಂಪು) ಪೂರ್ತಿ ರದ್ದಿ. ಆ ಕಾಗದದ ಬಿಲ್ಲೂ ನನಗೇ ಬಂತು, ಎರಡು ಸಾವಿರದ ಹತ್ತಿರ. ಜಗಳಾಡಿ ಅರ್ಧ ಬಿಡಿಸಿದೆ.

ಮುಖಬೆಲೆ 220. ಅಂಗಡಿಗೆ ಕೊಟ್ಟರೆ ನಲವತ್ತು ಪರ್ಸೆಂಟ್ ಅವರದು, ಅದಕ್ಕೇ ಅಲ್ಲಿಗೆ ಕಮ್ಮಿ ಕೊಟ್ಟೆ. ಬಹುಪಾಲು ಹೋಗಿದ್ದು ಕಂತಿನ ಕೊನೆಯ ಅನೌನ್ಸ್‌ಮೆಂಟ್ ಕೇಳಿ ಯುಪಿಐ ಮಾಡಿದವರಿಗೆ. ಪುಕ್ಕಟೆ ಕೇಳುವವರೇ ಕೊಂಡರು ನೋಡಿ! ಮುಖಪುಟ, ಡಿಟಿಪಿ, ಕೊರಿಯರ್ ಎಲ್ಲ ಕಳೆದು ನನ್ನ ಪಾಲಿಗೆ ಆರೇಳು ಸಾವಿರ ಉಳಿಯಿತು.

ಎರಡನೇ ಮುದ್ರಣಕ್ಕೆ ಬೇರೆ ಪ್ರೆಸ್ ಹಿಡಿದಿದ್ದೇನೆ. ಯೂನಿಕೋಡ್‌ನಿಂದ ಮಾಡಿದ ಪಿಡಿಎಫ್ ಅನ್ನೇ ತೆಗೆದುಕೊಳ್ಳುತ್ತಾರೆ. ಪ್ರತಿಗೆ ಹತ್ತು ರೂಪಾಯಿ ಜಾಸ್ತಿ.