ಕಾರ್ಟಿಲೇಜ್ ಎಂಆರ್‌ಐನಲ್ಲಿ ಬೆಳ್ಳಗೆ ಕಂಡಿದ್ದೆಲ್ಲಾ ಸವೆತ ಅಲ್ಲ, ಹೇಗೆ ನೋಡ್ಬೇಕು?

ಮಂಡಿ ಎಂಆರ್‌ಐ ಓದೋಕೆ ಕಲೀತಿರೋರು ಕಾರ್ಟಿಲೇಜ್‌ನಲ್ಲಿ (ಕೀಲಲ್ಲಿ ಮೂಳೆ ತುದಿಗೆ ಹೊದ್ದಿರೋ ನುಣುಪಾದ ಪದರ) ಒಂದ್ಕಡೆ ಬೆಳ್ಳಗೆ ಕಂಡ ತಕ್ಷಣ ಹಾಳಾಗಿದೆ ಅಂದ್ಕೊಂಡುಬಿಡ್ತಾರೆ. ಸ್ವಲ್ಪ ತಡೀರಿ. ಚೆನ್ನಾಗಿರೋ ಕಾರ್ಟಿಲೇಜೂ ಎಲ್ಲಾ ಕಡೆ ಒಂದೇ ಥರ ಕಾಣಲ್ಲ, ಒಳಗಿನ ಕೊಲಾಜನ್ ನಾರುಗಳು ಯಾವ ದಿಕ್ಕಿಗಿವೆ ಅನ್ನೋದರ ಮೇಲೆ ಬಣ್ಣ ಬದಲಾಗುತ್ತೆ.

ಮೊದ್ಲು ಪದರ ಗುರುತಿಸಿ. ಕಾರ್ಟಿಲೇಜ್‌ನ ತೂಕದಲ್ಲಿ ಹೆಚ್ಚುಕಮ್ಮಿ ಮುಕ್ಕಾಲು ಭಾಗ ನೀರೇ, ಸಿಗ್ನಲ್ (ಇದು ಜಾಸ್ತಿ ಇದ್ದಷ್ಟೂ ಚಿತ್ರ ಬೆಳ್ಳಗೆ) ಬರೋದೂ ಆ ನೀರಿಂದಾನೇ. ಮೇಲಿನ ತೆಳು ಪದರದಲ್ಲಿ ನಾರುಗಳು ಚಾಪೆ ಹಾಸಿದ ಹಾಗೆ ಮಲಗಿರ್ತವೆ, ಮಧ್ಯದಲ್ಲಿ ಅಡ್ಡಾದಿಡ್ಡಿ, ಆಳದಲ್ಲಿ ಪೈರಿನ ಹಾಗೆ ಮೂಳೆ ಮೇಲೆ ನೆಟ್ಟಗೆ ನಿಂತಿರ್ತವೆ. ಆಳದಲ್ಲಿ ಎಲ್ಲಾ ನಾರು ಒಂದೇ ದಿಕ್ಕಿಗಿರೋದ್ರಿಂದ ಅಲ್ಲಿನ ನೀರಿನ ಸಿಗ್ನಲ್ ಬೇಗ ಆರಿಹೋಗುತ್ತೆ, ಅಂದ್ರೆ ಟಿ2 (ಸಿಗ್ನಲ್ ಆರೋಕೆ ಹಿಡಿಯೋ ಸಮಯದ ಅಳತೆ) ಕಮ್ಮಿ, ಅದಕ್ಕೇ ಸಾಮಾನ್ಯವಾಗಿ ಕಪ್ಪಗಿರುತ್ತೆ. ಮಧ್ಯದ ಪದರ ಸ್ವಲ್ಪ ಬೆಳ್ಳಗೆ. ತೀರಾ ಕೆಳಗಿನ ಕ್ಯಾಲ್ಸಿಯಂ ಕೂತಿರೋ ಪದರ ಮಾಮೂಲಿ ಸ್ಕ್ಯಾನ್‌ನಲ್ಲಿ ಮೂಳೆ ಜೊತೆ ಸೇರ್ಕೊಂಡು ಬರೀ ಕಪ್ಪು ಗೆರೆ.

ಆಮೇಲೆ ಕೋನ ನೋಡಿ, ಎಡವೋದು ಇಲ್ಲೇ. ಸುರಂಗದ ಥರ ಇರೋ ಸ್ಕ್ಯಾನರ್‌ನಲ್ಲಿ ಕಾಂತಕ್ಷೇತ್ರ ತಲೆಯಿಂದ ಕಾಲಿನ ಉದ್ದಕ್ಕೆ ಇರುತ್ತೆ. ನಾರು ಆ ಕ್ಷೇತ್ರಕ್ಕೆ ಸುಮಾರು 55 ಡಿಗ್ರಿ ಓರೆಯಾದ್ರೆ ಸಿಗ್ನಲ್ ಆರಿಸೋ ಪರಿಣಾಮ ತೀರಾ ಕಮ್ಮಿಯಾಗಿ ಆ ಜಾಗ ಹೊಳೆಯುತ್ತೆ, ಇದಕ್ಕೆ ಮ್ಯಾಜಿಕ್ ಆಂಗಲ್ ಅಂತಾರೆ. ತೊಡೆಮೂಳೆ ತುದಿಯನ್ನ ಪಕ್ಕದಿಂದ ತೆಗೆದ ಚಿತ್ರದಲ್ಲಿ ಬೆರಳಿಟ್ಟು ನೋಡಿ: ಭಾರ ಹೊರೋ ಕೆಳಭಾಗದಲ್ಲಿ ಆಳದ ನಾರು ಕ್ಷೇತ್ರದ ಜೊತೆಗೇ ನೆಟ್ಟಗಿರುತ್ತೆ, ಕಪ್ಪು. ಹಾಗೇ ಹಿಂದಕ್ಕೆ ಬಾಗುತ್ತಾ ಹೋದ್ರೆ ನಿಧಾನಕ್ಕೆ ಬೆಳ್ಳಗಾಗುತ್ತೆ, ಇನ್ನೂ ಹಿಂದೆ ಹೋದ್ರೆ ಮತ್ತೆ ಕಪ್ಪಾಗುತ್ತೆ. ಅಲ್ಲಿ ಏನೂ ಸವೆದಿಲ್ಲ, ಮೂಳೆ ಬಾಗಿದೆ ಅಷ್ಟೇ.

ಹಾಗಾದ್ರೆ ನಿಜವಾದ ಏಟು ಹೇಗೆ ಗೊತ್ತಾಗುತ್ತೆ? ಮೇಲ್ಮೈ ಗೆರೆ ಹಿಡ್ಕೊಂಡು ಹೋಗಿ. ಕೋನದಿಂದ ಬಂದ ಬಿಳುಪು ಅಂಚಿಲ್ಲದೆ ಕರಗುತ್ತೆ, ಮೇಲ್ಮೈ ನುಣ್ಣಗೇ ಇರುತ್ತೆ. ಬಿರುಕಾದ್ರೆ ಗೆರೆ ತುಂಡಾಗಿರುತ್ತೆ, ಕೀಲಿನ ದ್ರವ ಒಳಗೆ ನುಗ್ಗಿ ಟಿ2 ಚಿತ್ರದಲ್ಲಿ ಜೋರಾಗಿ ಹೊಳೆಯುತ್ತೆ, ಎಷ್ಟೋ ಸಲ ಅದರ ಕೆಳಗಿನ ಮೂಳೆಯಲ್ಲೂ ಊತ ಕಾಣುತ್ತೆ. ಇನ್ನೊಂದು ದಿಕ್ಕಿನ ಚಿತ್ರದಲ್ಲೂ ಅದೇ ಜಾಗ ನೋಡದೆ ತೀರ್ಮಾನ ಬೇಡ, ಯಾಕಂದ್ರೆ ಮಂಡಿಯ ಕಾರ್ಟಿಲೇಜ್ ದಪ್ಪ ಬಹಳಷ್ಟು ಕಡೆ 2ರಿಂದ 4 ಮಿಲಿಮೀಟರ್ ಅಷ್ಟೇ, ಸ್ಲೈಸ್ (ಒಂದೊಂದು ಚಿತ್ರ ತೋರಿಸೋ ಹೋಳು) ದಪ್ಪ ಆದ್ರೆ ಪಕ್ಕದ ದ್ರವಾನೂ ಇದರಲ್ಲೇ ಕಲಸಿಹೋಗುತ್ತೆ.

ಜಾಗಜಾಗದ ಟಿ2 ಎಷ್ಟು ಅಂತ ಅಳೆದು ತೋರಿಸೋ ಟಿ2 ಮ್ಯಾಪ್‌ನ ನಂಬರ್‌ಗೂ ಇದೇ ಕೋನದ ಕಾಟ ಇದೆ, ಹಿಂಭಾಗದ ನಂಬರ್ ತಂದು ಕೆಳಭಾಗದ್ದಕ್ಕೆ ಹೋಲಿಸ್ಬೇಡಿ. ಆರು ತಿಂಗಳು ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿಸಿದ್ರೆ ಮಂಡಿ ಮೊದಲಿನಷ್ಟೇ ಮಡಚಿದೆಯಾ ಅಂತ ಖಾತ್ರಿ ಮಾಡ್ಕೊಂಡು, ಅದೇ ಜಾಗವನ್ನ ಅದೇ ಜಾಗಕ್ಕೇ ಹೋಲಿಸಿ.