ಬಾಸೆಲ್ ಪತ್ರಾಗಾರಕ್ಕೆ ಪ್ರಯಾಣ ಧನಸಹಾಯ: ಬಿದ್ದ ಅರ್ಜಿ ಎದ್ದದ್ದು ಹೀಗೆ

ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಪತ್ರಾಗಾರ ಇರುವುದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ. ಅಲ್ಲಿಗೆ ಹೋಗಲು ಧನಸಹಾಯ ಕೇಳಿದ ನನ್ನ ಮೊದಲ ಅರ್ಜಿಯನ್ನು ಕೆಡಿಸಿದ್ದು ಒಂದೇ ವಾಕ್ಯ: ‘ಬಾಸೆಲ್ ಮಿಷನ್ನಿನ ಕನ್ನಡ ಕೆಲಸದ ದಾಖಲೆಗಳನ್ನು ನೋಡಬೇಕಿದೆ.’ ಯಾವ ದಾಖಲೆ, ಅಲ್ಲಿಗೇ ಯಾಕೆ ಹೋಗಬೇಕು ಎಂಬುದಕ್ಕೆ ಉತ್ತರವೇ ಇರಲಿಲ್ಲ.

ಎರಡನೇ ಸಲ ಕ್ಯಾಟಲಾಗಿನಿಂದ ಶುರು ಮಾಡಿದೆ. ಭಾರತದಿಂದ ಹೋದ ಪತ್ರ, ವರದಿಗಳು ಅಲ್ಲಿ ಸಿ-1 ಸರಣಿಯಲ್ಲಿವೆ. ಮಂಗಳೂರು, ಧಾರವಾಡಗಳಿಗೆ ಸಂಬಂಧಿಸಿದ ಸಂಪುಟಗಳ ಸಂಖ್ಯೆ ಬರೆದು, ಪ್ರತಿಯೊಂದರ ಮುಂದೆ ಏನು ಹುಡುಕುತ್ತೇನೆಂದು ಒಂದು ಸಾಲು ಸೇರಿಸಿದೆ. ಆನ್‌ಲೈನಿನಲ್ಲೇ ಸಿಗುವ ಹಳೇ ಫೋಟೋಗಳನ್ನು ಪಟ್ಟಿಯಿಂದ ಕಿತ್ತುಹಾಕಿದೆ. ಅವಕ್ಕೆ ವಿಮಾನದ ಟಿಕೆಟ್ ಯಾರು ಕೊಡುತ್ತಾರೆ? ಸಂಪುಟಗಳು ನೋಡಲು ಸಿಗುತ್ತವೆಯೇ ಎಂದು ಪತ್ರಾಗಾರಕ್ಕೆ ಇಮೇಲ್ ಮಾಡಿ, ಬಂದ ಉತ್ತರವನ್ನೂ ಲಗತ್ತಿಸಿದೆ.

ನಿಜವಾದ ತೊಡಕು ಲಿಪಿ. 19ನೇ ಶತಮಾನದ ಆ ಕಾಗದಗಳು ಹೆಚ್ಚಾಗಿ ಕುರೆಂಟ್ ಎಂಬ ಜರ್ಮನ್ ಕೈಬರಹದಲ್ಲಿವೆ. ಅದರಲ್ಲಿ ‘ಇ’ (e) ಅಕ್ಷರ ‘ಎನ್’ (n) ಥರವೇ ಕಾಣುತ್ತದೆ. ಇವತ್ತಿನ ಜರ್ಮನ್ ಬಲ್ಲವರೂ ತಡವರಿಸುತ್ತಾರೆ. ಓದಬಲ್ಲೆ ಎನ್ನಲು ಒಂದು ಪುಟದ ಲಿಪ್ಯಂತರವನ್ನೇ ಜೋಡಿಸಿದೆ. ದಿನಕ್ಕೆ 15 ಪುಟ, 10 ಕೆಲಸದ ದಿನ, ಒಟ್ಟು 150 ಪುಟ: ಇಷ್ಟೇ ಕೇಳಿದೆ, ಶನಿವಾರ ಭಾನುವಾರ ಬಿಟ್ಟು.

ಬಜೆಟ್ಟಿನಲ್ಲಿ ಷೆಂಗೆನ್ ವೀಸಾ (ಸ್ವಿಟ್ಜರ್ಲೆಂಡ್ ಸೇರಿ ಯೂರೋಪಿನ ಹಲವು ದೇಶಗಳಿಗೆ ಸಲ್ಲುವ ಒಂದೇ ವೀಸಾ) ಶುಲ್ಕ, 30,000 ಯೂರೋ ರಕ್ಷಣೆಯ ಪ್ರಯಾಣ ವಿಮೆ ಎರಡನ್ನೂ ಹಾಕಿ. ಹಣ ಹೋಗಿಬಂದ ಮೇಲೆ ಕೈಸೇರುವುದಾದರೆ ಬೋರ್ಡಿಂಗ್ ಪಾಸು, ರಸೀದಿ ಎಸೆಯಬೇಡಿ.